ಹಲ್ಲಿನ ಕಲೆಯನ್ನೇ ಹುಳುಕು ಅಂದುಕೊಂಡವರು: ಶಿಡ್ಲಘಟ್ಟದ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕದಲ್ಲಿ, ದುಡಿಯುವ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಿದ್ದೆ ಬರ್ತಿಲ್ಲ, ಮಕ್ಕಳ ಮೇಲೆ ಸಿಡುಕ್ತೀನಿ ಅಂತ ಬಂದಿದ್ದರು. ಮಾತಾಡುವಾಗೆಲ್ಲ ಸೆರಗು ಬಾಯಿಗೆ ಹೋಗುತ್ತಿತ್ತು. ಯಾಕೆಂದು ಕೇಳಿದೆ. "ಹಲ್ಲೆಲ್ಲಾ ಹುಳುಕು ಮೇಡಂ. ಸಾವಿರಾರು ರೂಪಾಯಿ ಎಲ್ಲಿಂದ ತರ್ಲಿ? ಚೀಟಿ ದುಡ್ಡು ಸ್ಕೂಲ್ ಫೀಸಿಗೇ ಸಾಲಲ್ಲ." ನಿದ್ದೆ ಕೆಡಿಸಿದ್ದು ನೋವಲ್ಲ, ಈ ಲೆಕ್ಕ.

ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ದಾಟಿದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳಿಗೆ, ಹಲ್ಲು ರೂಪುಗೊಳ್ಳುವ ಕಾಲದಲ್ಲೇ ಈ ಕಲೆ ಕೂತುಬಿಡುತ್ತದೆ. ಅದು ಹುಳುಕಲ್ಲ. ಇದ್ದ ಹಲ್ಲೆಲ್ಲ ಹೋದವು ಅಂತ ತಾವೇ ಅಂದುಕೊಂಡುಬಿಟ್ಟಿದ್ದರು ಪಾಪ, ಅದಕ್ಕೇ ಒಂದನ್ನೂ ತೋರಿಸಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ ಎರಡೇ ಪ್ರಶ್ನೆ ಕೇಳಿ ಎಂದೆ: ನಿಜವಾಗಿ ಹುಳುಕಾಗಿರೋದು ಯಾವುದು, ನರದವರೆಗೆ ಹೋಗಿದೆಯಾ? ಉತ್ತರ ತಂದರು. ಕೆಳದವಡೆಯ ಒಂದು ಹಲ್ಲಿನಲ್ಲಿ ಸಣ್ಣ ಗುಳಿ, ನರ ಮುಟ್ಟಿಲ್ಲ, ಫಿಲ್ಲಿಂಗ್ ಸಾಕು. ಇನ್ನೊಂದರ ಒಸಡಿನಂಚಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಹುಳುಕು ಈಗಷ್ಟೇ ಶುರುವಾಗಿರುವ ಗುರುತು. ಗುಳಿ ತಾನಾಗಿ ಮುಚ್ಚುವುದಿಲ್ಲ; ತಡಮಾಡಿದರೆ ರೂಟ್ ಕೆನಾಲ್, ಕ್ಯಾಪ್ ಅಂತ ಖರ್ಚು ಬೆಳೆಯುತ್ತದೆ. ಬಿಳಿ ಮಚ್ಚೆ ಮಾತ್ರ ಆರೈಕೆ ಮಾಡಿದರೆ ಮತ್ತೆ ಗಟ್ಟಿಯಾಗಬಹುದು.

ಆ ಆರೈಕೆಗೆ ದುಡ್ಡು ಬೇಕಿಲ್ಲ, ಟೀ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಬೇಕು. ನೂಲು ತೆಗೆಯುವ ಬೇಸಿನ್ ಮುಂದೆ ಕೂತವರಿಗೆ ಗಂಟೆಗೊಮ್ಮೆ ಸಕ್ಕರೆ ಟೀ. ಪ್ರತಿ ಸಲವೂ ಬಾಯಲ್ಲಿ ಹುಳಿ ಏಳುತ್ತದೆ, ಎಂಜಲು ಅದನ್ನು ತೊಳೆದು ಹಲ್ಲನ್ನು ಸುಧಾರಿಸುವಷ್ಟರಲ್ಲಿ ಮತ್ತೊಂದು ಲೋಟ. ಸಿಹಿ ಟೀ ಊಟ-ತಿಂಡಿಯ ಜೊತೆಗಷ್ಟೇ ಇರಲಿ, ಮಿಕ್ಕಿದ್ದು ಸಕ್ಕರೆ ಇಲ್ಲದೆ ಎಂದೆ. ಮೊದಲು ಒಪ್ಪಲಿಲ್ಲ. "ಟೀನೇ ನಮ್ಗೆ ಶಕ್ತಿ" ಅಂದರು. ಒಂದೊಂದೇ ಬಿಡಿ ಎಂದೆ, ಅದಕ್ಕೆ ತಲೆಯಾಡಿಸಿದರು.

ನೀರಲ್ಲೇ ಫ್ಲೋರೈಡ್ ಇದೆಯಲ್ಲ ಅಂತ ಪೇಸ್ಟ್ ಬಿಟ್ಟು ಇದ್ದಿಲಪುಡಿ ಹಿಡಿದಿದ್ದರು. ದೊಡ್ಡವರ ಹಲ್ಲಿಗೆ ಫ್ಲೋರೈಡಿನಿಂದ ಹೊಸದಾಗಿ ಕಲೆ ಕೂರುವುದಿಲ್ಲ, ಇದ್ದಿಲು ಮಾತ್ರ ಹಲ್ಲನ್ನು ಸವೆಸುತ್ತದೆ. ಅಗ್ಗದ ಪೇಸ್ಟೇ ಆಗಲಿ, ಫ್ಲೋರೈಡ್ 1000 ಪಿಪಿಎಂ ಅಥವಾ ಹೆಚ್ಚು ಅಂತ ಬರೆದಿದ್ದರೆ ಆಯಿತು. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ತಪ್ಪದೆ ಒಮ್ಮೆ ಉಜ್ಜಿ ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು.

ಐದು ವರ್ಷದ ಮಗಳಿಗೂ ಹಿಂದಿನ ಹಾಲುಹಲ್ಲು ಹುಳುಕು. "ಹೇಗೂ ಬಿದ್ದೋಗ್ತಾವಲ್ಲ" ಅಂದರು. ಆ ದವಡೆ ಹಲ್ಲು ಹತ್ತು-ಹನ್ನೆರಡು ವರ್ಷದವರೆಗೆ ಅಗಿಯಬೇಕಾದದ್ದು. ಫಿಲ್ಲಿಂಗಿಗೆ ಹೋಗುವ ದಿನವೇ ಮಗುವನ್ನೂ ಕರೆದೊಯ್ಯಿರಿ, ಹಲ್ಲು ಕೊರೆಯದೆ ಹುಳುಕು ತಡೆಯುವ ಬೆಳ್ಳಿ ಫ್ಲೋರೈಡ್ (ಸಿಲ್ವರ್ ಡೈಅಮೈನ್ ಫ್ಲೋರೈಡ್) ದ್ರವ ಹಚ್ಚಿದರೆ ಸಾಕೇ ಕೇಳಿ ಎಂದೆ. ಹುಳುಕಿದ ಜಾಗ ಕಪ್ಪಾಗುತ್ತದೆ ಅನ್ನುವುದನ್ನೂ ಮೊದಲೇ ಹೇಳಿದೆ. ಮಗುವಿಗೆ ಬಟಾಣಿಯಷ್ಟೇ ಪೇಸ್ಟ್, ಎದುರಿಗೆ ಕೂತು ಉಗುಳಿಸಬೇಕು. ಮಗುವಿನ ಹೊಸ ಹಲ್ಲಿಗೂ ಈ ಕಲೆ ಕೂರದಂತೆ, ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು.