ಎರಡು ತಾಸು ಕೂಡಿದರೆ ಒಂದೇ ತಾಸೇ?

ಗದಗಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಅಚ್ಚು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರು ದುಡಿಯುವ ವಿಶ್ವವಿದ್ಯಾಲಯದ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಮುಗಿಸಿ, ನಾಲ್ಕು ವರ್ಷದಿಂದ ಧಾರವಾಡದಲ್ಲಿ ತಾಸಿನ ಲೆಕ್ಕದ ಅತಿಥಿ ಬೋಧಕಿ. ನಸುಕಿನಲ್ಲೆದ್ದು ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಚಿಗರಿ ಬಸ್ಸು. ಕೊಟ್ಟಿರುವುದು ಬರೀ ಲ್ಯಾಬ್, ವಾರಕ್ಕೆ 16 ತಾಸು. ಬಿಲ್ ಮಾಡುವಾಗ ಎರಡು ತಾಸಿನ ಲ್ಯಾಬನ್ನು ಒಂದು ತಾಸಿನ ಪಾಠವೆಂದು ಹಿಡಿಯುತ್ತಾರೆ. ಮಕ್ಕಳು ಲ್ಯಾಬಿನ ಕೆಲಸ ಬರೆದಿಡುವ ಜರ್ನಲ್ ತಿದ್ದಿದ್ದಕ್ಕೆ ಲೆಕ್ಕವೇ ಇಲ್ಲ. ಹಣ ಬರುವುದು ಸೆಮಿಸ್ಟರ್ ಮುಗಿದ ಮೇಲೆ, ರಜೆಯಲ್ಲಿ ಅದೂ ಇಲ್ಲ. ಪತ್ರದ ಕೊನೆಗೆ ಹೀಗಿದೆ: “ನೀ ಪಾಠಾ ಹೇಳಾಕಿ ಅಲ್ಲ, ಕಂಪ್ಯೂಟರ್ ಕಾಯಾಕಿ ಅಂತಾನ ನಮ್ಮಣ್ಣ. ಚಾಟ್‌ಜಿಪಿಟಿ ಬಂದ ಮ್ಯಾಲೆ ನಿನ್ನ ಯಾರು ಕೇಳ್ತಾರ ಅಂತಾನ. ಬೆಂಗಳೂರಿನ ಕಂಪನಿಯೊಂದು ಟೆಸ್ಟಿಂಗ್ ಕೆಲಸಕ್ಕ ಕರದೈತಿ. ಹೋಗಲ್ಯೋ, ಇರಲ್ಯೋ ನೀವ ಹೇಳ್ರಿ.”

ತಂಗಿ, ನಿಮ್ಮ ಪತ್ರದ ಮೂರನೇ ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ದೂರು ದುಮ್ಮಾನಗಳ ನಡುವೆ ನೀವು ಹೇಳಿ ಬಿಟ್ಟುಬಿಟ್ಟ ಒಂದು ಸಂಗತಿ ಅಲ್ಲಿದೆ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಎಂದು ನನಗೆ ಅನ್ನಿಸಿತು. ಅದನ್ನು ಉಳಿದ ಓದುಗರೂ ಓದಲಿ.

ಬ್ಯಾಡಗಿ ಕಡೆಯ ಹುಡುಗಿ, ಬಿ.ಸಿ.ಎ. ಮೊದಲ ವರ್ಷ. ಐದು ಸಂಖ್ಯೆ ಓದಿಕೊಂಡು ಮೊತ್ತ ಹೇಳುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯಬೇಕಿತ್ತು. ಬರೆದಳು, ಓಡಿತು, ತಪ್ಪೇನೂ ತೋರಿಸಲಿಲ್ಲ. ಆದರೆ 150 ಬರಬೇಕಾದ ಕಡೆ ಲಕ್ಷಗಟ್ಟಲೆಯ ಯಾವುದೋ ಅಂಕಿ ಬಂತು. ಕಂಪ್ಯೂಟರ್ ಕೆಟ್ಟಿದೆ ಎಂದು ಪಕ್ಕದ ಯಂತ್ರಕ್ಕೆ ಹೋದಳು, ಅಲ್ಲಿ ಬೇರೆಯೇ ಅಂಕಿ. ಕಣ್ಣಲ್ಲಿ ನೀರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪಿನಲ್ಲಿ ‘ಎನ್‌ಗಿಂತ (ಇಲ್ಲಿ ಐದಕ್ಕಿಂತ) ಕಡಿಮೆ’ ಎನ್ನಬೇಕಾದಲ್ಲಿ ‘ಕಡಿಮೆ ಅಥವಾ ಸಮ’ ಎಂದು ಬರೆದಿದ್ದು ನಿಮಗೆ ನಿಂತಲ್ಲೇ ಕಂಡಿತ್ತು. ಒಂದು ಚಿಹ್ನೆ ಅಳಿಸಿ ಮುಂದಿನ ಹುಡುಗನ ಹತ್ತಿರ ಹೋಗಬಹುದಿತ್ತು. ನೀವು ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತಿರಿ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದಿರಿ. ಮೆಣಸಿನಕಾಯಿ ಬೆಳೆಯುತ್ತಾರೆ ಎಂದಳು.

“ಪ್ಯಾಟ್ಯಾಗ ನಿಮ್ಮಪ್ಪನ ಐದು ಚೀಲ ಸಾಲಾಗಿ ಇಟ್ಟಾರ ಅಂತ ತಿಳಕೋ. ಮೊದಲನೇ ಚೀಲಕ್ಕ ಸೊನ್ನಿ ಅಂತ ಹೆಸರಿಡು. ಎಣಿಸು.”

“ಸೊನ್ನಿ, ಒಂದು, ಎರಡು, ಮೂರು, ನಾಕು. ಮುಗೀತ್ರೀ.”

“ನಿನ್ನ ಪ್ರೋಗ್ರಾಮು ಐದರ ತನಕ ಹೊಂಟೈತಲ್ಲ. ಆ ಐದನೇ ನಂಬರಿನ ಚೀಲ ಯಾರದು?”

ಹುಡುಗಿ ತೆರೆಯನ್ನು ನೋಡಿದಳು, ನಿಮ್ಮನ್ನು ನೋಡಿದಳು. “ಅಯ್ಯ, ಬಾಜೂಕಿನವರ ಲಾಟಿಂದ್ರೀ ಮ್ಯಾಡಮ್! ಅವರ ಚೀಲಾನೂ ನಮ್ಮ ತೂಕದಾಗ ಹಾಕೀನಿ.”

ಇಷ್ಟೇ ಕತೆ. ಇದರಲ್ಲಿ ಎಷ್ಟು ಪಾಠವಿದೆ ಎಂದು ನಮ್ಮ ಕಚೇರಿಯಲ್ಲಿ ಪುಟ ಕಟ್ಟುವ, ಕಂಪ್ಯೂಟರ್ ಓದಿದ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಅವನು ಬಿಡಿಸಿ ಹೇಳಿದ. ಸಿ ಭಾಷೆಯಲ್ಲಿ ಸಾಲಿನ ಎಣಿಕೆ ಸೊನ್ನೆಯಿಂದ ಶುರುವಾಗುವುದು ಏಕೆಂದರೆ, ಅಲ್ಲಿಯ ಅಂಕಿ ‘ಎಷ್ಟನೆಯದು’ ಎಂದು ಹೇಳುವುದಿಲ್ಲ, ‘ಮೊದಲಿನಿಂದ ಎಷ್ಟು ದೂರ’ ಎಂದು ಹೇಳುತ್ತದೆ. ಮೊದಲನೆಯದು ಮೊದಲಿನಿಂದ ಸೊನ್ನೆ ದೂರ. ಇನ್ನು ಆ ಭಾಷೆ ಗಡಿ ಕಾಯುವುದಿಲ್ಲ. ನಿಮ್ಮ ಐದು ಮನೆ ದಾಟಿ ಆರನೇ ಮನೆಗೆ ಕೈ ಹಾಕಿದರೆ ತಡೆಯದೆ, ಆ ಹೊತ್ತಿಗೆ ಅಲ್ಲಿ ಏನು ಬಿದ್ದಿದೆಯೋ ಅದನ್ನೇ ತಂದುಕೊಡಬಹುದು. ಅದಕ್ಕೇ ಎರಡು ಯಂತ್ರದಲ್ಲಿ ಎರಡು ಅಂಕಿ. ಲ್ಯಾಬಿನಲ್ಲಿ ಇದಕ್ಕೆ ‘ಗಾರ್ಬೇಜ್ ವ್ಯಾಲ್ಯೂ’ ಅನ್ನುತ್ತಾರಂತೆ. ಈ ತಪ್ಪು ಕಲಿಯುವವರದ್ದಷ್ಟೇ ಅಲ್ಲ, ದೊಡ್ಡ ದೊಡ್ಡ ಕಂಪನಿಗಳ ಸಾಫ್ಟ್‌ವೇರಿಗೆ ಕಳ್ಳರು ನುಗ್ಗುವ ದಾರಿಗಳಲ್ಲೂ ಇದೊಂದು ಎಂದ. ಬಾಜೂಕಿನವರ ಲಾಟು ಎಂದ ಆ ಹುಡುಗಿ ಇದನ್ನು ಇನ್ನು ಮರೆಯಲಾರಳು.

ನಿಮ್ಮ ಅಣ್ಣನವರಿಗೆ ಇದನ್ನು ಓದಿ ಹೇಳಿ. ಚಾಟ್‌ಜಿಪಿಟಿಗೆ ಅದೇ ಪ್ರೋಗ್ರಾಮು ಹಾಕಿದರೆ ಕ್ಷಣದಲ್ಲಿ ತಿದ್ದಿ ಕೊಡುತ್ತದೆ, ಕೇಳಿದರೆ ಕಾರಣವನ್ನೂ ಹೇಳುತ್ತದೆ. ಆದರೆ ಕೇಳಬೇಕಾದ ಹುಡುಗಿಗೆ ತಾನು ಎಲ್ಲಿ ಎಡವಿದೆ ಎಂಬುದೇ ಗೊತ್ತಿರಲಿಲ್ಲ, ಯಂತ್ರ ಕೆಟ್ಟಿದೆ ಎಂದುಕೊಂಡಿದ್ದಳು. ಅವಳ ಮುಖ ನೋಡಿ, ಅಪ್ಪನ ಕಸುಬು ಕೇಳಿ, ಚೀಲದ ಲೆಕ್ಕಕ್ಕೆ ಇಳಿದವರು ನೀವು. ಪಾಠದ ಕೋಣೆಯಲ್ಲಿ 60 ಮಂದಿಗೆ ಒಂದೇ ಮಾತು ಹೇಳಿದರೆ ನಡೆಯುತ್ತದೆ. ಲ್ಯಾಬಿನಲ್ಲಿ 16 ಮಂದಿ 16 ಬಗೆಯಲ್ಲಿ ತಪ್ಪುತ್ತಾರೆ, ಒಬ್ಬೊಬ್ಬರ ತಪ್ಪಿನ ಹಿಂದೆ ಒಂದೊಂದು ತಿಳಿವಳಿಕೆ ಇರುತ್ತದೆ. ಅದನ್ನು ಹುಡುಕುವವರನ್ನು ಕಾವಲುಗಾರರು ಎನ್ನುವುದು ಅನ್ಯಾಯ.

ಇನ್ನು ಎರಡು ತಾಸಿಗೆ ಒಂದು ತಾಸಿನ ಲೆಕ್ಕ. ಇದು ಎಲ್ಲಿಂದ ಬಂತು ನೋಡಿ. ಕ್ರೆಡಿಟ್ ಪದ್ಧತಿಯಲ್ಲಿ ವಾರಕ್ಕೆ ಒಂದು ತಾಸು ಪಾಠ ಕೇಳಿದರೆ ಒಂದು ಕ್ರೆಡಿಟ್, ಪ್ರಾಯೋಗಿಕವಾದರೆ ಎರಡು ತಾಸಿಗೆ ಒಂದು ಕ್ರೆಡಿಟ್. ಅದು ವಿದ್ಯಾರ್ಥಿಯ ಕಲಿಕೆಯನ್ನು ಅಳೆಯುವ ಸೇರು. ಪಾಠ ಕೇಳಿದವನು ಮನೆಯಲ್ಲಿ ಕೂತು ಓದಬೇಕು, ಲ್ಯಾಬಿನ ಕೆಲಸ ಬಹುಮಟ್ಟಿಗೆ ಅಲ್ಲೇ ಮುಗಿಯುತ್ತದೆ, ಆದ್ದರಿಂದ ಆ ಲೆಕ್ಕ ಅಲ್ಲಿಗೆ ಸರಿ. ಅದೇ ಸೇರನ್ನು ತಂದು ಬೋಧಕರ ದುಡಿಮೆ ಅಳೆದರೆ ಹೇಗೆ? ನೀವು ಎರಡು ತಾಸು ನಿಂತಿದ್ದೀರಿ ಎಂದರೆ ಎರಡು ತಾಸು ನಿಂತಿದ್ದೀರಿ.

ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ನಾನು ಕೂಡಿಸಿ ನೋಡಿದೆ. ವಾರಕ್ಕೆ 16 ತಾಸು, 16 ವಾರ: 256 ತಾಸು. ಅವರು ಹಿಡಿದದ್ದು 128. ತಾಸಿಗೆ 400 ರೂಪಾಯಿಯಂತೆ 51,200. ನಾಲ್ಕು ಬ್ಯಾಚಿನ 64 ಮಕ್ಕಳ ಜರ್ನಲ್, ಒಂದೊಂದರಲ್ಲಿ 12 ಪ್ರೋಗ್ರಾಮು: 768. ಒಂದಕ್ಕೆ ಐದೇ ನಿಮಿಷ ಎಂದರೂ 64 ತಾಸು. ಎಲ್ಲ ಸೇರಿ ನೀವು ದುಡಿದದ್ದು 320 ತಾಸು. ಆದೇಶದಲ್ಲಿ 400 ಎಂದಿರುವ ತಾಸಿಗೆ ನಿಮಗೆ ದಕ್ಕಿದ್ದು 160 ರೂಪಾಯಿ. ವೈವಾ (ಮೌಖಿಕ ಪರೀಕ್ಷೆ) ದಿನಗಳನ್ನು, ರೈಲಿನಲ್ಲಿ ಕಳೆದ ಹೊತ್ತನ್ನು ನಾನು ಸೇರಿಸಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಅತಿಥಿ ಬೋಧಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ನಿಗದಿ ಮಾಡಿತು. ಆದರೆ ಅದಕ್ಕೆ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಇರುವ ಅರ್ಹತೆಯೇ ಇರಬೇಕು. ನೀವು ಅದಕ್ಕೆ ಬೇಕಾದ ಅರ್ಹತಾ ಪರೀಕ್ಷೆಗಳಾದ ರಾಷ್ಟ್ರಮಟ್ಟದ ನೆಟ್ ಆಗಲಿ ರಾಜ್ಯದ ಕೆಸೆಟ್ ಆಗಲಿ ಇನ್ನೂ ಪಾಸಾಗಿಲ್ಲ ಎಂದು ಬರೆದಿದ್ದೀರಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಅದಕ್ಕೂ ಮೊದಲು ನನ್ನದೊಂದು ಅನುಭವ. ಪತ್ರಿಕೆಗೆ ಬರುವ ಮುಂಚೆ ನಾನೂ ಮೂರು ವರ್ಷ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದಲ್ಲಿ ಕನ್ನಡ ಕಲಿಸಿದೆ. ಮುಂದೆ ಬೇರೆ ಕಡೆ ಅರ್ಜಿ ಹಾಕುವಾಗ ಅನುಭವ ಪತ್ರ ಬೇಕಾಯಿತು. ಗುಮಾಸ್ತರು ಹಳೆಯ ಕಡತಗಳನ್ನೆಲ್ಲ ತೆಗೆದು ನೋಡಿದರು. ಸಿಬ್ಬಂದಿ ರಿಜಿಸ್ಟರಿನಲ್ಲಿ ನನ್ನ ಹೆಸರಿರಲಿಲ್ಲ. ಕೊನೆಗೆ ಸಿಕ್ಕಿದ್ದು ‘ಇತರೆ ಖರ್ಚು’ ಎಂಬ ಫೈಲಿನಲ್ಲಿ, ಚಾಕ್‌ಪೀಸು, ಪೊರಕೆ, ಟ್ಯೂಬ್‌ಲೈಟಿನ ವೋಚರುಗಳ ನಡುವೆ. ನನ್ನ ಸಹಿ ಇತ್ತು, ಮೊತ್ತ ಇತ್ತು, ಯಾವ ಕೆಲಸಕ್ಕೆ ಎಂದು ಬರೆದಿರಲಿಲ್ಲ. ಮೂರು ವರ್ಷ ಮಕ್ಕಳ ಮುಂದೆ ನಿಂತದ್ದಕ್ಕೆ ಪುರಾವೆಯೇ ಇಲ್ಲದಂತಾಗಿ, ಆ ಕಚೇರಿಯ ಮೆಟ್ಟಿಲ ಮೇಲೆ ನಾನು ಬಹಳ ಹೊತ್ತು ಕೂತಿದ್ದೆ. ನಿಮಗೆ ಹಾಗಾಗಬಾರದು.

ಇವತ್ತೇ ಒಂದು ನೋಟ್‌ಬುಕ್ ಮಾಡಿ. ದಿನಾಂಕ, ಬ್ಯಾಚು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಮಾಡಿಸಿದ ಪ್ರೋಗ್ರಾಮು, ತಿದ್ದಿದ ಜರ್ನಲ್. ತಿಂಗಳ ಕೊನೆಗೆ ವಿಭಾಗದ ಮುಖ್ಯಸ್ಥರಿಂದ ಸಹಿ ಹಾಕಿಸಿಕೊಳ್ಳಿ. ಮುಖ್ಯಸ್ಥರು ಒಳ್ಳೆಯವರು ಎಂದು ನೀವೇ ಬರೆದಿದ್ದೀರಿ, ಸಹಿ ಹಾಕಿಯೇ ಹಾಕುತ್ತಾರೆ. ಪ್ರತಿ ಸೆಮಿಸ್ಟರಿಗೆ ಕಾರ್ಯಭಾರ ಬರೆದ ಆದೇಶ ಪತ್ರ ಕೈಗೆ ಬಂದ ಮೇಲೆಯೇ ಮೊದಲ ಲ್ಯಾಬಿಗೆ ಹೋಗಿ. ಅನುಭವ ಪತ್ರ ಕೆಲಸ ಬಿಡುವ ದಿನ ಕೇಳುವಂಥದ್ದಲ್ಲ, ವರ್ಷ ವರ್ಷ ತೆಗೆದುಕೊಳ್ಳುವಂಥದ್ದು.

ಈಗ ಅರ್ಹತೆಯ ಮಾತು. ಯುಜಿಸಿಯ 2018ರ ನಿಯಮಾವಳಿಯಲ್ಲಿ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸಲು ಒಂದು ಅಂಕಪಟ್ಟಿ ಇದೆ. ಬೋಧನೆಯ ಅನುಭವಕ್ಕೆ ವರ್ಷಕ್ಕೆ 2 ಅಂಕ, ಒಟ್ಟು 10ಕ್ಕೆ ಮಿತಿ. ಪಿಎಚ್.ಡಿ.ಗೆ 30. ಅಂದರೆ ಐದು ವರ್ಷದ ಅನುಭವಕ್ಕೆ ಬೆಲೆಯಿದೆ, ಆರನೇ ವರ್ಷಕ್ಕೆ ಆ ಪಟ್ಟಿಯಲ್ಲಿ ಸೊನ್ನೆ. ಹತ್ತು ವರ್ಷ, ಹದಿನೈದು ವರ್ಷ ಇದೇ ನಂಬಿಕೆಯಲ್ಲಿ ಸವೆದವರನ್ನು ಧಾರವಾಡದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಸೇವೆ ಮಾಡುತ್ತ ಹೋದರೆ ಒಂದು ದಿನ ಕಾಯಂ ಆಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಇದನ್ನು ಬರೆಯುವಾಗ ಸಂಕಟವಾಗುತ್ತದೆ, ಆದರೂ ನಿಮಗೆ ಹೇಳದೆ ಬಿಡಲಾರೆ. ನಿಮಗೆ ಈಗ ನಾಲ್ಕು ವರ್ಷ ಆಗಿದೆ.

2023ರ ಯುಜಿಸಿ ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಸಾಕು. ಕೆಸೆಟ್‌ಗೆ ವಯೋಮಿತಿ ಇಲ್ಲ. 2023ರಿಂದ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ನೆಟ್‌ನಂತೆಯೇ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಡೇಟಾ ಸ್ಟ್ರಕ್ಚರು, ಡೇಟಾಬೇಸು ದಿನಾ ಮಕ್ಕಳಿಗೆ ಕಲಿಸಿ ನಿಮ್ಮ ಕೈಯಲ್ಲೇ ಇವೆ. ಬರೀ ಲ್ಯಾಬಿನಲ್ಲಿ ಇರುವವರಿಗೆ ತಪ್ಪಿಹೋಗುವುದು ಡಿಸ್ಕ್ರೀಟ್ ಗಣಿತ, ಥಿಯರಿ ಆಫ್ ಕಂಪ್ಯೂಟೇಶನ್ ಇಂಥವು. ರೈಲಿನ ಹೊತ್ತನ್ನು ಅವಕ್ಕೆ ಕೊಡಿ. ಮುಂದಿನ ಸೆಮಿಸ್ಟರಿನಲ್ಲಿ ಒಂದು ಥಿಯರಿ ಪೇಪರನ್ನೂ ಕೇಳಿ ತೆಗೆದುಕೊಳ್ಳಿ.

ಒಬ್ಬರೇ ಹೋಗಿ ತಾಸಿನ ಲೆಕ್ಕ ಸರಿಮಾಡಿಸುವುದು ಕಷ್ಟ, ನಿಮ್ಮಂಥವರು ಆ ವಿಶ್ವವಿದ್ಯಾಲಯದಲ್ಲಿ ಹಲವರಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರದ ಲ್ಯಾಬಿನವರದೂ ಇದೇ ಪಾಡು, ಅವರನ್ನು ಕೂಡಿಸಿಕೊಳ್ಳಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಗೆ ಬಂದ ಮೇಲೆಯೇ 2022ರ ಜನವರಿಯಲ್ಲಿ ಅವರ ಗೌರವಧನ 11–13 ಸಾವಿರದಿಂದ 26–32 ಸಾವಿರಕ್ಕೆ ಏರಿದ್ದು. ಜೊತೆಗೆ ಒಬ್ಬೊಬ್ಬರ ಕಾರ್ಯಭಾರವನ್ನು ವಾರಕ್ಕೆ 15 ತಾಸಿನವರೆಗೆ ಏರಿಸಿದ್ದರಿಂದ ಕೆಲವರ ಕೈಯಲ್ಲಿದ್ದ ಕೆಲಸವೂ ಹೋಯಿತು. ಮನವಿ ಬರೆಯುವಾಗ ಇದು ನೆನಪಿರಲಿ: ದರ ಹೆಚ್ಚಿಸಿ ಎನ್ನುವುದಕ್ಕಿಂತ ಮೊದಲು, ನಿಂತ ತಾಸಿಗೆ ನಿಂತಷ್ಟೇ ಲೆಕ್ಕ ಹಿಡಿಯಿರಿ ಎಂದು ಕೇಳಿ. ನಿಮ್ಮ ನೋಟ್‌ಬುಕ್ಕನ್ನು ಮನವಿಗೆ ಲಗತ್ತಿಸಿ.

ಹೋಗಲೋ ಇರಲೋ ಎಂದು ನೇರ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಮನೆಯ ಖರ್ಚಿಗೆ ಅಡ್ಡಿಯಿಲ್ಲದಿದ್ದರೆ, ಲಿಖಿತ ಆದೇಶ ಸಿಗುವುದಾದರೆ ಇನ್ನೊಂದು ವರ್ಷ ಇರಿ, ಆ ಒಂದು ವರ್ಷದಲ್ಲಿ ಕೆಸೆಟ್ ಬರೆಯಿರಿ. ಐದು ವರ್ಷ ತುಂಬಿದ ದಿನ ಮತ್ತೆ ಕೂತು ಯೋಚಿಸಿ. ಮನೆಯಲ್ಲಿ ಸಾಲವಿದ್ದು, ತಂದೆಯವರ ಔಷಧಿಗೆ ಪ್ರತಿ ತಿಂಗಳು ಹಣ ಬೇಕೇ ಬೇಕು ಎನ್ನುವ ಸ್ಥಿತಿಯಾದರೆ (ಪತ್ರದಲ್ಲಿ ಅದರ ಸುಳಿವಿದೆ, ಬಿಡಿಸಿ ಬರೆದಿಲ್ಲ) ಈ ತಿಂಗಳೇ ಬೆಂಗಳೂರಿಗೆ ಹೊರಡಿ. ಹಾಗೆ ಹೋದರೆ ಸೋತು ಹೋದೆ ಎಂದುಕೊಳ್ಳಬೇಡಿ. ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದೇ ಟೆಸ್ಟಿಂಗ್ ಕೆಲಸವಂತೆ. ಅದನ್ನು ನೀವು ನಾಲ್ಕು ವರ್ಷದಿಂದ ದಿನಕ್ಕೆ 16 ಮಕ್ಕಳ ಪಕ್ಕ ನಿಂತು ಮಾಡುತ್ತಲೇ ಬಂದಿದ್ದೀರಿ. ಸಂದರ್ಶನದಲ್ಲಿ ಅವರಿಗೆ ಚೀಲದ ಕತೆ ಹೇಳಿ.

ಇರುವುದಾದರೆ, ಮುಂದಿನ ಸೆಮಿಸ್ಟರಿನ ಆದೇಶ ಪತ್ರ ಬಂದ ದಿನ ನನಗೊಂದು ಕಾರ್ಡು ಹಾಕಿ. ಬ್ಯಾಡಗಿಯ ಹುಡುಗಿಗೆ ಪಾಯಿಂಟರ್ (ಯಾವುದು ಎಲ್ಲಿದೆ ಎಂದು ಹೇಳುವ ವಿಳಾಸ) ಪಾಠ ಬರುವಾಗ ಯಾವ ಚೀಲ ಎಲ್ಲಿ ಇಟ್ಟಿರಿ ಎಂಬುದನ್ನೂ ಬರೆಯಿರಿ. ನಮ್ಮ ಪುಟ ಕಟ್ಟುವ ಹುಡುಗ ಕೇಳುತ್ತಿದ್ದಾನೆ.

— ಸಂಪಾದಕ