ಹಳೇ ಬ್ಯಾಡ್ಜ್ ಮತ್ತೆ ಎದೆಗೆ: ಫುಟ್‌ಬಾಲ್ ಕ್ಲಬ್‌ಗಳ ಪ್ರಶ್ನೆ, ನಮ್ಮ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಬಿಟ್ಟುಬಿಟ್ಟಿದ್ದ ಹಳೇ ಹೆಸರು, ಹಳೇ ಬ್ಯಾಡ್ಜ್ ವಾಪಸ್ ತಂದರೆ ಮೈದಾನದ ಸುತ್ತ ಜನ ಸೇರುತ್ತಾರೆಯೇ? ಆರು ಕಾಗದ ಆರಿಸಿಕೊಂಡಿದ್ದೇವೆ.

ನಮ್ಮ ಕ್ಲಬ್ಬಿಗೆ ಹಳೇ ಮಂದಿ ಇನ್ನೂ ‘ಕರಿಹುಲಿ’ ಅಂತನ ಕರೀತಾರ್ರಿ. ಹನ್ನೆರಡು ವರ್ಷದ ಹಿಂದ ಸ್ಪಾನ್ಸರ್ ಬಂದಾಗ ಆ ಹೆಸರೂ ತಗದ್ವಿ, ಹುಲಿ ಬ್ಯಾಡ್ಜೂ ತಗದ್ವಿ. ಈಗ ಲೀಗ್ ಮ್ಯಾಚಿಗೆ ಐವತ್ತು ಮಂದಿ ಕೂಡಂಗಿಲ್ಲ. ಹಳೇದು ತಂದ್ರ ಮಂದಿ ಬರ್ತಾರೇನ್ರಿ? — ಟಿಳಕವಾಡಿ, ಬೆಳಗಾವಿ

ಮೊದಲು ಒಂದು ಮಾತಿನ ತೊಡಕು. ನಿಮ್ಮ ಕಡೆ ‘ಅಡ್ಡಹೆಸರು’ ಅಂದರೆ ಮನೆತನದ ಹೆಸರು. ಬೆಂಗಳೂರಿನವರಿಗೆ ಅದೇ ಪದ ನಿಕ್‌ನೇಮ್. ಪೋಸ್ಟರಿನಲ್ಲಿ ‘ಕ್ಲಬ್ಬಿನ ಅಡ್ಡಹೆಸರು ವಾಪಸ್’ ಅಂತ ಹಾಕಿದರೆ ಅರ್ಧ ಊರಿಗೆ ತಲೆಬುಡ ಗೊತ್ತಾಗುವುದಿಲ್ಲ. ‘ಕರೆಯೋ ಹೆಸರು’ ಅನ್ನಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಕೂಡ ಮನೆತನದ ಹೆಸರಾಗಿ ನಿಂತ ಸೀಮೆ ನಿಮ್ಮದು. ಕರೆಯುವವರಿದ್ದರೆ ಹೆಸರು ಬದುಕುತ್ತದೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ.

ಹಾಗಾಗಿ ಇವತ್ತು ಕರೆಯುವವರು ಯಾರು ಅಂತ ಮೊದಲು ಎಣಿಸಿ. ‘ಹಳೇ ಹೆಸರು ಬೇಕಾ?’ ಅಂತ ಕೇಳಬೇಡಿ. ಯಾರೂ ಬೇಡ ಅನ್ನುವುದಿಲ್ಲ, ಆ ಉತ್ತರದಿಂದ ಪ್ರಯೋಜನವೂ ಇಲ್ಲ. ಹುಲಿ ಬ್ಯಾಡ್ಜಿನ ಚಿತ್ರದಲ್ಲಿ ಅಕ್ಷರ ಮುಚ್ಚಿ, ನೂರು ಜನಕ್ಕೆ ತೋರಿಸಿ ‘ಇದು ಯಾರದು?’ ಅಂತ ಕೇಳಿ. ಮೈದಾನದ ಬಾಗಿಲಲ್ಲಿ ಒಂದಿಷ್ಟು, ಚಹಾದಂಗಡಿಯಲ್ಲಿ ಒಂದಿಷ್ಟು, ಹೈಸ್ಕೂಲು ಬಿಡುವ ಹೊತ್ತಿಗೆ ಒಂದಿಷ್ಟು. ಇಪ್ಪತ್ತರ ಕೆಳಗಿನವರು, ಇಪ್ಪತ್ತರಿಂದ ನಲವತ್ತು, ನಲವತ್ತು ದಾಟಿದವರು ಅಂತ ಮೂರು ಕಾಲಂ ಮಾಡಿ ಗೀಟು ಹಾಕಿ. ನಲವತ್ತು ದಾಟಿದವರು ಮಾತ್ರ ಗುರುತು ಹಿಡಿದರೆ, ಬ್ಯಾಡ್ಜ್ ಒಂದು ಮ್ಯಾಚಿಗೆ ಜನ ತರುತ್ತದೆ. ಅವರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹುಡುಗರಿಗೆ ಚಿತ್ರ ಗೊತ್ತಿಲ್ಲದಿದ್ದರೂ ಬಾಯಲ್ಲಿ ‘ಕರಿಹುಲಿ’ ಇದ್ದರೆ, ಮೊದಲು ಹೆಸರನ್ನು ತನ್ನಿ, ಬ್ಯಾಡ್ಜ್ ಆಮೇಲೆ ಬರಲಿ.

ಹೊರಗಿನ ಉದಾಹರಣೆಗಳು ಎರಡೂ ಕಡೆ ಇವೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ 1973ರಲ್ಲಿ ‘ಗಾಜಿನವರು’ ಅನ್ನುವ ಹಳೇ ಹೆಸರು ಬಿಟ್ಟು ‘ಹದ್ದುಗಳು’ ಆಯಿತು, ಜರ್ಸಿ ಬಣ್ಣವನ್ನೂ ಬದಲಿಸಿತು, ಹೊಸದೇ ನಿಂತುಬಿಟ್ಟಿತು. ಕಾರ್ಡಿಫ್ ಸಿಟಿಯದು ಉಲ್ಟಾ. 2012ರಲ್ಲಿ ಮಾಲೀಕರು ನೀಲಿ ಜರ್ಸಿಯನ್ನು ಕೆಂಪು ಮಾಡಿದರು. ಮರುವರ್ಷ ಅದೇ ಕೆಂಪಿನಲ್ಲಿ ತಂಡ ಪ್ರೀಮಿಯರ್ ಲೀಗಿಗೆ ಏರಿತು, ಆದರೂ ಜನರ ಮುನಿಸು ಇಳಿಯಲಿಲ್ಲ. 2015ರ ಜನವರಿಯಲ್ಲಿ ನೀಲಿ ವಾಪಸ್ ಬಂತು. ಅಟ್ಲೆಟಿಕೊ ಮ್ಯಾಡ್ರಿಡ್ 2017ರಲ್ಲಿ ಬ್ಯಾಡ್ಜ್ ಬದಲಿಸಿ, 2023ರಲ್ಲಿ ಸದಸ್ಯರ ಮತ ಕೇಳಿತು. ಹತ್ತಿರ ಹತ್ತಿರ ಶೇ. 89ರಷ್ಟು ಮತ ಹಳೆಯದಕ್ಕೆ ಬಿತ್ತು. ನಮ್ಮಲ್ಲೇ ಕೋಲ್ಕತ್ತದ ಮೋಹನ್ ಬಾಗಾನ್ ಹೆಸರಿನ ಮುಂದೆ ಅಂಟಿಸಿದ್ದ, ಜೊತೆಗೂಡಿದ ಇನ್ನೊಂದು ಕ್ಲಬ್ಬಿನ ‘ಎಟಿಕೆ’ ಅನ್ನುವ ಹೆಸರನ್ನು ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದು 2023ರಲ್ಲಿ ತೆಗೆಸಿದರು. ಅಭಿಮಾನಿಗಳು ಕೈತಪ್ಪಿತು ಅಂತ ಕೊರಗಿದ್ದನ್ನು ವಾಪಸ್ ಕೊಟ್ಟಾಗ ಕೆಲಸ ಮಾಡಿದೆ. ಯಾರಿಗೂ ಕೊರಗಿಲ್ಲದ್ದನ್ನು ಸಮಿತಿಯವರು ಕಪಾಟಿನಿಂದ ತೆಗೆದರೆ ಅದು ಬರೀ ಹೊಸ ಸ್ಟಿಕ್ಕರ್.

ನಿಮಗೆ ನಮ್ಮ ಸಲಹೆ: ಈ ಸೀಸನ್ನಿನಲ್ಲಿ ಬ್ಯಾಡ್ಜ್ ಮುಟ್ಟಬೇಡಿ. ಮೈಕಿನವರಿಗೆ, ಪೋಸ್ಟರಿಗೆ, ವಾಟ್ಸಾಪ್ ಗುಂಪಿಗೆ ‘ಕರಿಹುಲಿ’ ಕೊಡಿ. ಹಲಗಿ ಬಾರಿಸುವವರನ್ನು ಕರೆಸಿ ಕೂಗಿಸಿ ನೋಡಿ. ‘ಕರಿಹುಲಿ’ ನಾಲ್ಕು ಮಾತ್ರೆಗೆ ಸರಿಯಾಗಿ ಕೂರುತ್ತದೆ, ಅದು ನಿಮ್ಮ ಅದೃಷ್ಟ. ಏಳೆಂಟು ಅಕ್ಷರದ ಹೆಸರನ್ನು ಯಾವ ಗ್ಯಾಲರಿಯೂ ಕೂಗುವುದಿಲ್ಲ. ಸೀಸನ್ನಿನ ಕೊನೆಯ ಎರಡು ಮ್ಯಾಚಿಗೆ ಮಾತ್ರ ಹುಲಿ ಜರ್ಸಿ ಹಾಕಿ. ಜನ ನಿಂತರೆ ಮುಂದಿನ ವರ್ಷದಿಂದ ಕಾಯಂ. ಬಟ್ಟೆಗೆ ಆರ್ಡರ್ ಕೊಡುವ ಮುಂಚೆಯೇ ಚಿತ್ರ ತೋರಿಸಿ ಅಭಿಪ್ರಾಯ ಕೇಳಿ. ಎವರ್ಟನ್ 2013ರಲ್ಲಿ ಹೊಸ ಬ್ಯಾಡ್ಜ್ ತಂದು ಬೈಸಿಕೊಂಡು ಕ್ಷಮೆ ಕೇಳಿತು, ಆದರೆ ಅಷ್ಟರಲ್ಲಿ ಜರ್ಸಿ ತಯಾರಿಕೆ ಮುಂದೆ ಹೋಗಿತ್ತು. ಯಾರಿಗೂ ಬೇಡವಾದ ಬ್ಯಾಡ್ಜನ್ನೇ ಒಂದು ಇಡೀ ಸೀಸನ್ ಹಾಕಬೇಕಾಯಿತು.

ನಮ್ಮ ಹಳೆಯ ಬ್ಯಾಡ್ಜ್ ಒಂದು ಕಪ್ಪು-ಬಿಳುಪು ಗ್ರೂಪ್ ಫೋಟೊ, ಒಂದು ರಬ್ಬರ್ ಸ್ಟ್ಯಾಂಪ್ ಮತ್ತು ಬಣ್ಣ ಹೋದ ಒಂದು ಜರ್ಸಿಯಲ್ಲಿ ಮಾತ್ರ ಉಳಿದಿದೆ. ಮೂರೂ ಒಂದೇ ಥರ ಇಲ್ಲ. ಯಾವುದನ್ನು ನಂಬಬೇಕು? — ಗೋಕಾಕ

ಆಕಾರಕ್ಕೆ ಸ್ಟ್ಯಾಂಪನ್ನು, ಬಣ್ಣಕ್ಕೆ ಜರ್ಸಿಯನ್ನು, ಅಳತೆಗೆ ಫೋಟೊವನ್ನು ನಂಬಿ.

ಸ್ಟ್ಯಾಂಪಿನ ರಬ್ಬರನ್ನು ಹಳೇ ಟೂತ್‌ಬ್ರಷ್ಷು, ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಕಡಿಮೆ ಶಾಯಿ ಹಾಕಿ ನುಣುಪಾದ ಕಾಗದದ ಮೇಲೆ ಹತ್ತು ಮುದ್ರೆ ಒತ್ತಿ. ಮೊದಲ ಎರಡು ಮೂರು ಮುದ್ರೆಯಲ್ಲಿ ಶಾಯಿ ಹರಡಿರುತ್ತದೆ, ಐದಾರನೆಯದು ಚೊಕ್ಕಟ ಬರುತ್ತದೆ. ಅದನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಫೋಟೊಗೆ 600 ಸಾಕು. ರಬ್ಬರ್ ವರ್ಷಗಳಲ್ಲಿ ಕುಗ್ಗಿ ಸೊಟ್ಟಗಾಗಿರಬಹುದು, ಆದ್ದರಿಂದ ಅಗಲ-ಎತ್ತರದ ಅನುಪಾತವನ್ನು ಮಾತ್ರ ಫೋಟೊದಿಂದ ತೆಗೆದುಕೊಳ್ಳಿ. ಅದಕ್ಕೆ ಕ್ಯಾಮೆರಾಕ್ಕೆ ನೇರ ಮುಖ ಮಾಡಿ ಕೂತ ಆಟಗಾರನ ಎದೆಯನ್ನೇ ಅಳೆಯಿರಿ. ತುದಿಯಲ್ಲಿ ನಿಂತವನ ಬ್ಯಾಡ್ಜ್ ಓರೆಯಾಗಿ ಕಿರಿದಾಗಿ ಕಾಣುತ್ತದೆ.

ಬಣ್ಣ ನೋಡುವಾಗ ಜರ್ಸಿಯ ಮುಂಭಾಗವನ್ನು ಮರೆತುಬಿಡಿ, ಬಿಸಿಲಿಗೆ ಕೆಂಪು ಬೇಗ ಮಾಸುತ್ತದೆ. ಬ್ಯಾಡ್ಜನ್ನು ಒಂದು ಕಡೆಯಿಂದ ನಿಧಾನ ಬಿಚ್ಚಿ ಹಿಂಬದಿಯ ದಾರ ನೋಡಿ. ಜರ್ಸಿಯ ಬಟ್ಟೆಗೆ ಹೊಲಿಗೆ ಮಡಿಕೆಯ ಒಳಭಾಗ ನೋಡಿ. ಅಲ್ಲಿ ಮೊದಲಿನ ಬಣ್ಣ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ನೆರಳಿನ ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಬಿಳಿ ಹಾಳೆಯೊಂದನ್ನು ಇಟ್ಟು ಫೋಟೊ ತೆಗೆಯಿರಿ. ಬಣ್ಣವನ್ನು ಮೊಬೈಲ್ ಪರದೆಯಲ್ಲಿ ಆರಿಸಬೇಡಿ. ದಾರದ ಅಂಗಡಿಯ ಶೇಡ್ ಕಾರ್ಡ್ ಪಕ್ಕದಲ್ಲಿ ಹಿಡಿದು ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಹತ್ತು ವರ್ಷ ಆ ನಂಬರೇ ನಿಮ್ಮ ಕ್ಲಬ್ಬಿನ ಬಣ್ಣ.

ಮರುಚಿತ್ರಣವನ್ನು ಕೋರಲ್‌ಡ್ರಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಕೈಯಿಂದಲೇ ಮಾಡಿಸಿ. ಡಿಟಿಪಿಯವರು ಒಂದೇ ಗುಂಡಿ ಒತ್ತಿ ತಾನಾಗಿ ಟ್ರೇಸ್ ಮಾಡಿಕೊಡುತ್ತಾರೆ. ಹಾಗೆ ಮಾಡಿದರೆ ಸ್ಟ್ಯಾಂಪಿನ ಕಲೆ, ಶಾಯಿಯ ಹರಡು ಎಲ್ಲವೂ ಸಾವಿರಾರು ಚುಕ್ಕೆಗಳಾಗಿ ಫೈಲಿನಲ್ಲಿ ಕೂತು, ಕಟಿಂಗ್ ಮಶೀನಿನಲ್ಲಿ ಅಂಚು ಗರಗಸದ ಹಾಗೆ ಬರುತ್ತದೆ. ಮುಗಿದ ಮೇಲೆ ಎರಡು ಪರೀಕ್ಷೆ: ಒಂದೇ ಬಣ್ಣದಲ್ಲಿ ಮುದ್ರಿಸಿದರೂ ಗುರುತು ಸಿಗಬೇಕು, ವಾಟ್ಸಾಪ್ ಡಿಪಿಯ ಪುಟ್ಟ ವೃತ್ತದಲ್ಲೂ ಸಿಗಬೇಕು. ಸಿಗದಿದ್ದರೆ ಹಳೆಯದನ್ನು ಹಾಳುಮಾಡಬೇಡಿ, ನಡುವಿನ ಆಕೃತಿಯನ್ನಷ್ಟೇ ತೆಗೆದು ಸಣ್ಣ ಬಳಕೆಗೆ ಇಟ್ಟುಕೊಳ್ಳಿ. ಲಂಡನ್ನಿನ ಆರ್ಸೆನಲ್ 2024-25ರ ತವರು ಜರ್ಸಿಯಲ್ಲಿ ಪೂರ್ತಿ ಬ್ಯಾಡ್ಜ್ ಬಿಟ್ಟು ಅದರೊಳಗಿನ ತೋಪೊಂದನ್ನೇ ಹಾಕಿತ್ತು.

ಬ್ಯಾಡ್ಜಿನಲ್ಲಿ ಕನ್ನಡ ಅಕ್ಷರ ಇದೆ. ಎಂಬ್ರಾಯ್ಡರಿ ಮಾಡಿಸಿದರೆ ಒತ್ತಕ್ಷರ ಮುದ್ದೆಯಾಗುತ್ತದೆ. ಪ್ರಿಂಟ್ ಮಾಡಿಸಿದರೆ ಕೆಂಪು ಜರ್ಸಿಯ ಮೇಲಿನ ಬಿಳಿ ವಾರದಲ್ಲಿ ಗುಲಾಬಿ ಆಗುತ್ತದೆ. — ವಡಗಾವಿ, ಬೆಳಗಾವಿ

ಎರಡಕ್ಕೂ ಕಾರಣ ಬೇರೆ. ಇಂಗ್ಲಿಷ್ ದೊಡ್ಡಕ್ಷರ 5-6 ಮಿ.ಮೀ. ಎತ್ತರವಿದ್ದರೂ ದಾರದಲ್ಲಿ ಓದಿಸಿಕೊಳ್ಳುತ್ತದೆ. ಕನ್ನಡಕ್ಕೆ ತಲೆಕಟ್ಟು, ಮೈ, ಒತ್ತು ಅಂತ ಮೂರು ಮಾಳಿಗೆ. ‘ಕ್ಲ’, ‘ಟ್ಬಾ’ ಇದ್ದರೆ ಮೇಲಿಂದ ಒತ್ತಿನ ತುದಿಯವರೆಗೆ 10 ಮಿ.ಮೀ. ಆದರೂ ಬೇಕು, ಗೆರೆಯ ದಪ್ಪ 1 ಮಿ.ಮೀ.ಗಿಂತ ಕಮ್ಮಿ ಇರಬಾರದು, ಒತ್ತಿಗೂ ಮೈಗೂ ನಡುವೆ ಅಷ್ಟೇ ಖಾಲಿ ಬೇಕು. 7-8 ಸೆಂ.ಮೀ. ಬ್ಯಾಡ್ಜಿನ ಸುತ್ತ ಕ್ಲಬ್ಬಿನ ಪೂರ್ತಿ ಹೆಸರು ಹಾಕಿದರೆ ಈ ಅಳತೆ ಸಿಗುವುದೇ ಇಲ್ಲ. ಕರೆಯೋ ಹೆಸರೊಂದನ್ನೇ ಹಾಕಿ. ಒತ್ತಿಲ್ಲದ ಹೆಸರಾದರೆ ಇನ್ನೂ ಒಳ್ಳೆಯದು. ಅಕ್ಷರವನ್ನು ಕರ್ವ್ಸ್‌ಗೆ, ಅಂದರೆ ಬರೀ ಗೆರೆಯ ಚಿತ್ರಕ್ಕೆ, ಬದಲಿಸದೆ ಫೈಲ್ ಕಳಿಸಬೇಡಿ, ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಚೂರಾಗಿ ತೆರೆದುಕೊಳ್ಳುತ್ತದೆ. ದಾರ ಪಾಲಿಯೆಸ್ಟರಿನದೇ ಇರಲಿ. ರೇಯಾನ್ ಮಿಂಚುತ್ತದೆ, ಒಗೆತ ತಾಳುವುದಿಲ್ಲ. ತೆಳು ಜರ್ಸಿಯ ಮೇಲೆ ನೇರ ಹೊಲಿಸಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಬೇರೆ ಬಟ್ಟೆಯ ಮೇಲೆ ಮಾಡಿಸಿ ಅಂಚು ಹೊಲಿದು ಹಚ್ಚಿಸಿ.

ಗುಲಾಬಿ ಆಗುವುದು ಬಣ್ಣ ಹಾಕಿದ ಪಾಲಿಯೆಸ್ಟರಿನ ಗುಣ. ಡಿಟಿಎಫ್ ಪ್ರಿಂಟನ್ನು (ಫಿಲ್ಮಿನ ಮೇಲೆ ಮುದ್ರಿಸಿ ಬಿಸಿಯಿಂದ ಬಟ್ಟೆಗೆ ಅಂಟಿಸುವುದು) 150-160 ಡಿಗ್ರಿಯಲ್ಲಿ ಒತ್ತುವಾಗ ಬಟ್ಟೆಯ ಕೆಂಪು ಬಣ್ಣ ಆವಿಯಾಗಿ ಬಿಳಿಯೊಳಗೆ ಇಳಿಯುತ್ತದೆ. ಅದು ಕೂಡಲೇ ಕಾಣುವುದಿಲ್ಲ, ದಿನ ಕಳೆದಂತೆ ತಿಳಿಯುತ್ತದೆ. ಅಷ್ಟರಲ್ಲಿ ಅಂಗಡಿಯವನಿಗೆ ದುಡ್ಡು ಕೊಟ್ಟಾಗಿರುತ್ತದೆ. ಕಡಿಮೆ ಶಾಖದ ಅಂಟುಪುಡಿ ಬಳಸಿ 130ರೊಳಗೆ ಒತ್ತಿಸಿ, ಇಲ್ಲವೇ ಬಿಳಿಯ ಕೆಳಗೆ ತಡೆ ಪದರ ಇರುವ ಫಿಲ್ಮ್ ಕೇಳಿ. ಇನ್ನೂ ಖಚಿತವಾದ ದಾರಿ ಬೇಕೆಂದರೆ ಬಿಳಿ ಪಾಲಿಯೆಸ್ಟರ್ ಬಟ್ಟೆಗೆ ಕೆಂಪು, ಬ್ಯಾಡ್ಜ್, ನಂಬರ್ ಎಲ್ಲವನ್ನೂ ಒಟ್ಟಿಗೆ ಸಬ್ಲಿಮೇಶನ್ (ಶಾಖದಿಂದ ಬಣ್ಣವನ್ನು ನೂಲಿನೊಳಗೇ ಇಳಿಸುವ ಮುದ್ರಣ) ಮಾಡಿಸಿ, ಆಮೇಲೆ ಹೊಲಿಸಿ. ಹತ್ತಿಬಟ್ಟೆಗೆ ಸಬ್ಲಿಮೇಶನ್ ಹಿಡಿಯುವುದಿಲ್ಲ.

ಹಳೇ ಬ್ಯಾಡ್ಜಿನಲ್ಲಿ ಮಲಿಕ್-ಎ-ಮೈದಾನ್ ತೋಪು ಇತ್ತು. ಈಗ ಅದರ ಮೇಲೆ ಗಂಡಭೇರುಂಡವನ್ನೂ ಸೇರಿಸೋಣ ಅಂತ ಕೆಲವರು. ಕಾನೂನಿನ ತೊಂದರೆ ಇದೆಯೇ? — ವಿಜಯಪುರ

ತೋಪಿಗೆ ತೊಂದರೆ ಇಲ್ಲ. ಸ್ಮಾರಕವನ್ನು ನೋಡಿ ನೀವೇ ಬರೆದ ಚಿತ್ರ ನಿಮ್ಮದು. ಆದರೆ ಅದನ್ನು ಪಕ್ಕದಿಂದ ಬರೆಯಬೇಡಿ. ಪಕ್ಕದಿಂದ ಬರೆದ ತೋಪು ಯಾರ ಕಣ್ಣಿಗೂ ಆರ್ಸೆನಲ್. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ನಿಮ್ಮ ತೋಪಿಗೆ ಬೇರಾವುದಕ್ಕೂ ಇಲ್ಲದ ಮುಖವಿದೆ: ಬಾಯಿ ತೆರೆದ ಸಿಂಹ, ಅದರ ಹಲ್ಲಿನ ನಡುವೆ ಆನೆ. ಅದನ್ನು ಎದುರಿನಿಂದ ಬರೆಯಿರಿ. ಸಣ್ಣದಾದಾಗ ಆನೆ ಮಸುಕಾದರೂ ಸಿಂಹದ ಬಾಯಿ ನಿಲ್ಲುತ್ತದೆ.

ಗಂಡಭೇರುಂಡ ಬೇಡ. ಕರ್ನಾಟಕ ಸರ್ಕಾರದ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ, ಟ್ರೇಡ್‌ಮಾರ್ಕಿಗೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ದೇವಸ್ಥಾನದ ಗಂಡಭೇರುಂಡ ಬೇರೆ, ಲಾಂಛನದ್ದು ಬೇರೆ ಅಂತ ವಾದಿಸಬಹುದು. ಆ ವಾದ ಮಾಡುತ್ತ ಕೂರುವುದಕ್ಕಿಂತ ತೋಪೊಂದೇ ಸಾಕು. ಅದೇ ಕಾಯ್ದೆಯ ಪಟ್ಟಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಮತ್ತು ಚಿತ್ರ, ಗಾಂಧೀಜಿಯವರ ಹೆಸರು ಮತ್ತು ಚಿತ್ರವೂ ಇವೆ. ಬೆಳಗಾವಿ ಕಡೆಯ ಕ್ಲಬ್ಬುಗಳು ಇದನ್ನು ಗಮನಿಸಬೇಕು. ಆಟದ ನಿಯಮ 4ರ ಪ್ರಕಾರ ಜರ್ಸಿಯ ಮೇಲೆ ರಾಜಕೀಯ, ಧಾರ್ಮಿಕ ಘೋಷಣೆ, ಚಿತ್ರ ಇರುವಂತಿಲ್ಲ. ದಂಡಿನ ಪಡೆಯ ಚಿಹ್ನೆಯನ್ನು ಲಿಖಿತ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬೇಡಿ.

ಹಳೇ ಬಾಗಲಕೋಟೆ ಮುಳುಗಡೆಯಾದಾಗ ತಂಡ ಎರಡಾಯಿತು. ಈಗ ಇಬ್ಬರೂ ಅದೇ ಹೆಸರು, ಅದೇ ಬ್ಯಾಡ್ಜ್ ನಮ್ಮದು ಅನ್ನುತ್ತಾರೆ. ಮೊದಲು ಟ್ರೇಡ್‌ಮಾರ್ಕ್ ಮಾಡಿಸಿದವರಿಗೆ ಸಿಗುತ್ತದೆಯೇ? — ನವನಗರ, ಬಾಗಲಕೋಟೆ

ಅಷ್ಟು ಸುಲಭವಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮೊದಲಿನಿಂದ ಬಿಡದೆ ಬಳಸಿಕೊಂಡು ಬಂದವರನ್ನು ಕಾಯುತ್ತದೆ. ನೀವು ಅರ್ಜಿ ಹಾಕಿದರೆ ಅದು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿ ನಾಲ್ಕು ತಿಂಗಳು ಆಕ್ಷೇಪಣೆಗೆ ತೆರೆದಿರುತ್ತದೆ; ಆ ಇನ್ನೊಂದು ಗುಂಪು ಸುಮ್ಮನಿರುವುದಿಲ್ಲ. ಆದ್ದರಿಂದ ಮೊದಲು ತಾರೀಖು ಇರುವ ಪುರಾವೆ ಕೂಡಿಸಿ: ಟೂರ್ನಿಯ ಪ್ರವೇಶ ಶುಲ್ಕದ ರಸೀದಿ, ಹ್ಯಾಂಡ್‌ಬಿಲ್, ಪತ್ರಿಕೆಯ ತುಣುಕು, ಜರ್ಸಿ ಬಿಲ್. ಅವು ಯಾರ ಕಡೆ ಇವೆ ಅಂತ ನೋಡಿದ ಮೇಲೆ ರಾಜಿಗೆ ಕೂರಿ. ಒಂದು ಗುಂಪಿಗೆ ಹೆಸರು, ಇನ್ನೊಂದಕ್ಕೆ ಬ್ಯಾಡ್ಜ್ ಅನ್ನುವ ಹಂಚಿಕೆ ಮಾತ್ರ ಬೇಡ. ನೋಡುವವರಿಗೆ ಎರಡೂ ಒಂದೇ, ಜಗಳ ಮರುವರ್ಷ ಮತ್ತೆ ಏಳುತ್ತದೆ.

ಅರ್ಜಿ ಆನ್‌ಲೈನ್, ನಮೂನೆ ಟಿಎಂ-ಎ. ಜರ್ಸಿ, ಟೋಪಿಗೆ 25ನೇ ವರ್ಗ, ಕ್ರೀಡಾ ಚಟುವಟಿಕೆಗೆ 41ನೇ ವರ್ಗ. ವರ್ಗವೊಂದಕ್ಕೆ ಸರ್ಕಾರಿ ಶುಲ್ಕ ವ್ಯಕ್ತಿಗಳಿಗೆ, ಸಣ್ಣ ಉದ್ಯಮಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ನೋಂದಾಯಿತ ಸಂಘ ಸಾಮಾನ್ಯವಾಗಿ ಎರಡನೆಯ ಸಾಲಿಗೆ ಬರುತ್ತದೆ. ಅರ್ಧ ದುಡ್ಡು ಉಳಿಯುತ್ತದೆ ಅಂತ ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿ ಮಾಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ನೋಂದಣಿ ಹತ್ತು ವರ್ಷ ಅವರದೇ, ಅವರು ಸಮಿತಿ ಬಿಟ್ಟರೂ ಬ್ಯಾಡ್ಜ್ ಅವರ ಜೊತೆ ಹೋಗುತ್ತದೆ. ನೋಂದಣಿ ಆಗುವ ಮುಂಚೆ ವೃತ್ತದೊಳಗಿನ ‘ಆರ್’ ಗುರುತು ಹಾಕಿದರೆ ಅಪರಾಧ, ‘ಟಿಎಂ’ ಹಾಕಬಹುದು.

ಇನ್ನೊಂದು ಕಾಗದ ಎಲ್ಲರೂ ಮರೆಯುವುದು. ಚಿತ್ರ ಬರೆದ ಪೇಂಟರಿನ ಕಾಪಿರೈಟ್ ಹಕ್ಕು ಅವರ ಜೀವಿತಾವಧಿ, ಆಮೇಲೆ 60 ವರ್ಷ. ಅವರಿಂದ ಅಥವಾ ವಾರಸುದಾರರಿಂದ, ಹಾಗೆಯೇ ಈಗ ಮರುಚಿತ್ರಿಸಿದವರಿಂದಲೂ ಹಕ್ಕು ವರ್ಗಾವಣೆ ಬರೆಸಿಕೊಳ್ಳಿ. ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದೇ ವರ್ಷ ಅಂತ ಲೆಕ್ಕ ಹಿಡಿಯುತ್ತದೆ, ‘ಪೂರ್ತಿ ಅವಧಿಗೆ’ ಅಂತ ಬರೆಸಿ.

ಮುಧೋಳ ನಾಯಿಯ ಹೆಸರು, ಚಿತ್ರ ಹಿಂದೆ ಇತ್ತು. ಎದುರಾಳಿಗಳು ‘ನಾಯಿ’ ಅಂತ ಹಂಗಿಸುತ್ತಾರೆ ಎಂದು ಹುಡುಗರು ಹಿಂಜರಿಯುತ್ತಾರೆ. ಜೊತೆಗೆ, ಮೊದಲ ಸಲ ಎಷ್ಟು ಜರ್ಸಿ ಮಾಡಿಸಬೇಕು? — ಮುಧೋಳ

ಹಂಗಿಸಲಿ. ಬ್ರೆಜಿಲ್‌ನಲ್ಲಿ ಎದುರಾಳಿಗಳು ರಣಹದ್ದು ಅಂತ ಬೈದದ್ದನ್ನೇ ಫ್ಲಮೆಂಗೊ ಅಭಿಮಾನಿಗಳು 1969ರಲ್ಲಿ ತಮ್ಮ ಗುರುತು ಮಾಡಿಕೊಂಡರು. ನಿಮ್ಮದು 2005ರಲ್ಲಿ ಅಂಚೆಚೀಟಿಗೂ ಏರಿದ ಬೇಟೆನಾಯಿ. ಚಿತ್ರದಲ್ಲಿ ಒಳಕ್ಕೆ ಎಳೆದ ಹೊಟ್ಟೆ, ಉದ್ದ ಮೂತಿ, ಓಟದ ಭಂಗಿ ಇರಲಿ; ಕೂತ ನಾಯಿ ಬರೆಸಿದರೆ ಮನೆ ಕಾಯುವ ಬೋರ್ಡಿನಂತೆ ಕಾಣುತ್ತದೆ.

ಜರ್ಸಿ: ಆಟಗಾರರದ್ದು ಬಿಟ್ಟು ಮಾರಾಟಕ್ಕೆ 40 ಸಾಕು, ಅದೂ ಅರ್ಧ ದುಡ್ಡು ಮುಂಗಡ ಕೊಟ್ಟವರ ಸೈಜು ಬರೆದುಕೊಂಡ ಮೇಲೆ. 40ರಲ್ಲಿ 12 ಮಕ್ಕಳ ಸೈಜು ಇರಲಿ. ಮಗು ಹಾಕಿಕೊಂಡು ಬಂದರೆ ಜೊತೆಗೆ ಇಬ್ಬರು ದೊಡ್ಡವರೂ ಬರುತ್ತಾರೆ. 200 ಮಾಡಿಸಿದರೆ ರೇಟು ಇಳಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ, ನಿಜವೇ. ಆದರೆ ಉಳಿಯುವವು ಎಕ್ಸ್‌ಎಸ್ ಮತ್ತು ತ್ರಿಬಲ್ ಎಕ್ಸ್‌ಎಲ್, ಅವನ್ನು ಯಾರಿಗೂ ಹೊಂದಿಸಲಾಗುವುದಿಲ್ಲ. ಜರ್ಸಿಗೆ ದುಡ್ಡಿಲ್ಲದವರಿಗಾಗಿ ಅದೇ ಬಣ್ಣದ ಟವೆಲ್ಲು ಮಾಡಿಸಿಡಿ, ಬಿಸಿಲಿಗೆ ತಲೆಗೂ ಆಗುತ್ತದೆ, ಗೋಲಾದಾಗ ಬೀಸಲಿಕ್ಕೂ ಆಗುತ್ತದೆ.