ಕಪ್ಪು ಮೇಜಿನ ಮೇಲೆ ಪಗೋಡ: ಚೀನಾದ್ದೋ, ನಮ್ಮದೋ?

ಪ್ರಶ್ನೆ: ತಾತ ರೈಲ್ವೆಯಲ್ಲಿದ್ದಾಗ ಬರೇಲಿಯಿಂದ ತಂದ ಮೇಜೊಂದು ನಮ್ಮ ಮನೆಯಲ್ಲಿದೆ. ಕಪ್ಪು ಮೈ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಪಗೋಡ, ಕೊಕ್ಕರೆ, ಕೊಡೆ ಹಿಡಿದ ಚೀನೀಯರು. ನೋಡಿದವರೆಲ್ಲ ಚೀನಾದ್ದು ಅಂತಾರೆ. ಅಂಚಿನಲ್ಲಿ ಮೆರುಗು ಚಕ್ಕೆ ಏಳುತ್ತಿದೆ. ಪಾಲಿಶ್ ಮಾಡಿಸಲೇ? ಅಮೆರಿಕದಲ್ಲಿರುವ ಮಗಳಿಗೆ ಕಳಿಸಬಹುದೇ?
– ಓದುಗರು, ಧಾರವಾಡ

ಉತ್ತರ: ಪಾಲಿಶ್‌ನವರನ್ನು ಸದ್ಯ ಕರೆಯಬೇಡಿ. ಮೊದಲು ಆ ಮೆರುಗು ಯಾವುದು ಅಂತ ಗೊತ್ತಾಗಲಿ.

ಚೀನಾದ ಮೆರುಗು ಒಂದು ಜಾತಿಯ ಮರದ ಹಾಲು. ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಸ್ಪಿರಿಟ್ ತಾಗಿದರೂ ಕರಗುವುದಿಲ್ಲ. ನಮ್ಮದು ಅರಗು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಪುಟ್ಟ ಕೀಟ ಸುರಿಸುವ ಅಂಟು. ಚನ್ನಪಟ್ಟಣದ ಗೊಂಬೆಗೆ ಹಚ್ಚುವುದೂ ಇದನ್ನೇ. ಇದು ಸ್ಪಿರಿಟ್‌ನಲ್ಲಿ ಸಲೀಸಾಗಿ ಕರಗುತ್ತದೆ.

17ನೇ ಶತಮಾನದಲ್ಲಿ ಚೀನಾ, ಜಪಾನಿನ ಮೆರುಗಿನ ಪೀಠೋಪಕರಣಕ್ಕೆ ಯುರೋಪಿನವರು ಮರುಳಾದರು. ಆ ಮರದ ಹಾಲು ಅವರಿಗೆ ಸಿಗಲಿಲ್ಲ. ಭಾರತದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ನಕಲು ಮಾಡಿದರು. 19ನೇ ಶತಮಾನದಲ್ಲಿ ಬರೇಲಿಯ ಕುಶಲಕರ್ಮಿಗಳು ಅದೇ ಚೀನೀ ಶೈಲಿಯನ್ನು ಬ್ರಿಟಿಷರ ಬಂಗಲೆಗಳಿಗೆ ಮಾಡಿಕೊಟ್ಟರು. ನಕಲಿನ ನಕಲು ಅಂತ ಮೂಗು ಮುರಿಯುವವರಿದ್ದಾರೆ. ನನಗಂತೂ ಅದರಲ್ಲೇ ಸ್ವಾರಸ್ಯ ಜಾಸ್ತಿ. ಇನ್ನು ಕೋರಮಂಡಲ್ ಪರದೆಗಳದ್ದು, ಅಂದರೆ ಮೆರುಗು ಹಚ್ಚಿದ ಮಡಚುವ ಮರದ ಪರದೆಗಳದ್ದು, ಇದಕ್ಕೆ ತದ್ವಿರುದ್ಧ. ಹೆಸರು ನಮ್ಮ ಪೂರ್ವ ಕರಾವಳಿಯದ್ದು, ಮಾಡಿದ್ದು ಚೀನಾದಲ್ಲಿ. ಹಡಗು ಇಲ್ಲಿಂದ ಹೋಗುತ್ತಿತ್ತು, ಅಷ್ಟೇ.

ನೋಟು ಪರೀಕ್ಷಿಸುವ ಯುವಿ ಟಾರ್ಚ್ ಒಂದು ತನ್ನಿ. ರಾತ್ರಿ ದೀಪ ಆರಿಸಿ ಮೇಜಿನ ಮೇಲೆ ಬಿಡಿ. ಅರಗಾದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ಚೀನಾದ ಮೇಜಿಗೂ ನಡುವೆ ಯಾರಾದರೂ ಅರಗಿನ ಸ್ಪಿರಿಟ್ ಪಾಲಿಶ್ ಹೊಡೆಸಿದ್ದರೆ ಅದೂ ಹೊಳೆಯುತ್ತದೆ, ಅಲ್ವಾ? ಅದಕ್ಕೇ ಚಕ್ಕೆ ಎದ್ದ ಅಂಚಿನಲ್ಲಿ, ಒಳಪದರ ಕಾಣುವ ಕಡೆ ನೋಡಿ. ಡ್ರಾಯರ್ ಇದ್ದರೆ ಎಳೆದು ತಳ ನೋಡಿ. ಶೀಶಮ್ ಅಥವಾ ಸಾಗುವಾನಿ ಕಂಡರೆ ಭಾರತದ ಕಡೆಗೆ ಇನ್ನೊಂದು ಸಾಕ್ಷಿ. ತಾನಾಗಿ ಕಳಚಿಬಂದ ಸ್ಕ್ರೂ ಇದ್ದರೆ ಅದರ ತುದಿ ಗಮನಿಸಿ. ಮೊಂಡಾಗಿದ್ದರೆ 19ನೇ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನದಿರಬಹುದು. ಚೂಪು ತುದಿಯ ಯಂತ್ರದ ಸ್ಕ್ರೂ ಬಂದಿದ್ದು ಆಮೇಲೆ. ಸ್ಕ್ರೂ ಬದಲಾಯಿಸಿರಲೂಬಹುದು, ಇದೊಂದನ್ನೇ ನಂಬಬೇಡಿ.

ಅರಗು ಅಂತಾದರೆ ಸ್ಯಾನಿಟೈಸರ್ ಹತ್ತಿರವೂ ಸುಳಿಯಬಾರದು. ಅದರಲ್ಲಿರುವುದು ಆಲ್ಕೋಹಾಲ್. ಒಂದು ಸಲ ಒರೆಸಿದರೆ ಕೊಕ್ಕರೆಯ ಕಾಲು ಬಟ್ಟೆಗೆ ಬರುತ್ತದೆ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಪಾಲಿಶ್‌ನವರು ಮೊದಲು ಮಾಡುವ ಕೆಲಸ ಉಪ್ಪುಕಾಗದ ಉಜ್ಜುವುದು. ಚಿತ್ರ ಅಲ್ಲಿಗೇ ಮುಗಿಯಿತು. ಮೆತ್ತನೆ ಒಣ ಬ್ರಷ್‌ನಲ್ಲಿ ಧೂಳು ತೆಗೆಯಿರಿ, ಸಾಕು. ಏಳುತ್ತಿರುವ ಚಕ್ಕೆ ಹತ್ತಿರ ಅದನ್ನೂ ಆಡಿಸಬೇಡಿ. ಉದುರಿದ ಚಕ್ಕೆಗಳನ್ನು ಕವರ್‌ನಲ್ಲಿ ಹಾಕಿ, ಎಲ್ಲಿಯದು ಅಂತ ಬರೆದಿಡಿ. ಫೆವಿಕಾಲ್ ಹಚ್ಚಿ ಒತ್ತಬೇಡಿ. ದುರಸ್ತಿಗೆ ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇನ್‌ಟ್ಯಾಕ್‌ನ ಕಲಾಕೃತಿ ಸಂರಕ್ಷಣಾ ಕೇಂದ್ರದವರನ್ನು ಕೇಳಿ.

ಅಮೆರಿಕದ ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮಗಳಿಗೆ ಕೊಡುವುದಾದರೂ ಅಷ್ಟೇ. ಅಷ್ಟು ಹಳೆಯದಲ್ಲ ಅನ್ನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರಿಗೆ ತೋರಿಸಿ, ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆಯಿರಿ. ಪ್ಯಾಕಿಂಗ್‌ನವರಿಗೆ ಮುಂಗಡ ಕೊಡುವುದು ಅದಾದ ಮೇಲೆ.